ರಕ್ತ ಕೊಟ್ಟವರು ನಾವು, ಪ್ರಶ್ನೆ ಬರೆದವರು ಬೇರೆಯವರು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಹೊಸನಗರದ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ಲು. ಎಂ.ಎಸ್.ಡಬ್ಲ್ಯು. ಮುಗಿಸಿದಾಳೆ, ಮುಂದೆ ಪಿಎಚ್.ಡಿ. ಮಾಡಬೇಕು ಅಂತಿದಾಳೆ. "ಅಣ್ಣಾ, ಮೂಲನಿವಾಸಿಗಳ ಆರೋಗ್ಯ, ವಯಸ್ಕರ ಕಲಿಕೆ ಇವುಗಳ ಬಗ್ಗೆ ಸಂಶೋಧನೆ ಮಾಡೋರಿಗೆ ಹೊರದೇಶದವರು ದುಡ್ಡು ಕೊಡ್ತಾರಂತೆ. ಅರ್ಜಿ ಹಾಕ್ಲಾ? ಒಂದು ಕಾಲಂನಲ್ಲಿ ನೀವು ಮೂಲನಿವಾಸಿ ಸಮುದಾಯಕ್ಕೆ ಸೇರಿದವರಾ ಅಂತ ಕೇಳಿದಾರೆ. ಏನ್ ಬರೀಲಿ?" ಅಂದ್ಲು.

ನನಗೆ ಕೂಡ್ಲೇ ಉತ್ತರ ಹೇಳೋಕೆ ಆಗಲಿಲ್ಲ. ಅವಳ ಮನೆಯವರು ಪರಿಶಿಷ್ಟ ಜಾತಿ. ಅದೇ ಊರಲ್ಲಿ, ಅದೇ ಅಡಿಕೆ ತೋಟಕ್ಕೆ ಕೂಲಿಗೆ ಹೋಗೋ ಹಸಲರು ಪರಿಶಿಷ್ಟ ಪಂಗಡ. ಹೊರದೇಶದ ಅರ್ಜಿಯಲ್ಲಿ ಒಬ್ಬರು ಮೂಲನಿವಾಸಿ, ಇನ್ನೊಬ್ಬರು ಅಲ್ಲ. ಭಾರತ ಸರ್ಕಾರವನ್ನ ಕೇಳಿದ್ರೆ ಈ ದೇಶದಲ್ಲಿ ಇರೋರೆಲ್ಲ ಮೂಲನಿವಾಸಿಗಳೇ ಅನ್ನುತ್ತೆ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಪರವಾಗಿ ಮತ ಹಾಕಿದಾಗಲೂ ಅದರ ನಿಲುವು ಅದೇ. ಹಾಗಾದ್ರೆ ನಮ್ಮ ಕೇರಿಯ ಕಾಯಿಲೆ ಬಗ್ಗೆ ನಮ್ಮ ಹುಡುಗಿ ಓದಬೇಕು ಅಂದ್ರೆ ದುಡ್ಡು ಯಾವ ಬಾಗಿಲಲ್ಲಿ ಕೇಳಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಗೆ ಸಂಶೋಧನೆಯ ದುಡ್ಡು ಬಂದೇ ಇಲ್ಲ ಅನ್ನೋ ಹಾಗಿಲ್ಲ. ಅಮೆರಿಕದಿಂದ ಬಂದಿದೆ, ದೆಹಲಿಯಿಂದ ಬಂದಿದೆ. ಯಾಕೆ ಬಂತು, ಯಾರನ್ನ ಕೇಳಿ ಬಂತು, ಹೋಗುವಾಗ ನಮಗೆ ಏನು ಬಿಟ್ಟು ಹೋಯ್ತು ಅನ್ನೋದನ್ನ ಇವತ್ತು ಬರೀಬೇಕು ಅನ್ನಿಸ್ತು.

ಮೊದಲು ನಾವು ಯಾರು ಅಂತ ಹೇಳಿಬಿಡ್ತೀನಿ. ಬಿ. ಎಲ್. ರೈಸ್ ಅನ್ನೋ ಬ್ರಿಟಿಷ್ ಅಧಿಕಾರಿ 19ನೇ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ್ರು. ಅದರಲ್ಲಿ ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆ ಅಂತ ದಾಖಲಿಸಿದಾರೆ. ಒಂದು ಹುಟ್ಟಾಳು, ಒಂದು ಮನೆತನಕ್ಕೆ ಹುಟ್ಟಿನಿಂದಲೇ ಆಳಾದವರು. ಇನ್ನೊಂದು ಮಣ್ಣಾಳು, ಜಮೀನಿಗೆ ಅಂಟಿಕೊಂಡ ಆಳುಗಳು. ಜಮೀನು ಕೈ ಬದಲಾದರೆ ಮಣ್ಣಾಳಿನ ಧಣಿಯೂ ಬದಲು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿ ಗೊತ್ತಿರ್ತಾನೆ. ತೀರ್ಥಹಳ್ಳಿ ಕಡೆಯ ಆ ಲೋಕದಲ್ಲಿ ನಮ್ಮ ಅಜ್ಜಂದಿರು ಎಲ್ಲಿ ನಿಲ್ತಿದ್ರು ಅಂತ ಅರ್ಥವಾಗೋಕೆ ಗುತ್ತಿ ಸಾಕು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಲೋಹಿಯಾ ಬಂದ್ರು, ಬಂಧನವಾಯ್ತು. ಆ ಹೋರಾಟಕ್ಕೆ ನನ್ನ ನಮಸ್ಕಾರ ಇದೆ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದ. ಆದ್ರೆ ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ಆಳುಗಳು. ಗೇಣಿ ಚೀಟಿ ಇದ್ದವನಿಗೆ ಜಮೀನು ಬಂತು. ನಮ್ಮ ಹತ್ರ ಯಾವ ಚೀಟಿ ಇತ್ತು?

ಈಗ ದುಡ್ಡಿನ ಕಥೆಗೆ ಬರ್ತೀನಿ.

1957ರಲ್ಲಿ ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾಯ್ತು. ಹಿಂದೆಯೇ ಮನುಷ್ಯರಿಗೂ ಜ್ವರ. ನಾವು ಮಂಗನ ಕಾಯಿಲೆ ಅಂದ್ವಿ, ಪ್ರಪಂಚ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ತಕ್ಷಣ ಬಂದ್ರು. ಆ ಕೇಂದ್ರವನ್ನ 1952ರಲ್ಲಿ ಕಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ. ಸಾಗರದಲ್ಲೇ ಅವರ ಕ್ಷೇತ್ರ ಕೇಂದ್ರ ನಿಂತಿತು. ಟೆಲ್ಫೋರ್ಡ್ ವರ್ಕ್, ಟ್ರಾಪಿಡೋ, ಬೊಷೆಲ್, ಪಿ. ಕೆ. ರಾಜಗೋಪಾಲನ್ ಥರದ ದೊಡ್ಡ ವಿಜ್ಞಾನಿಗಳು ಇದೇ ಕಾಡಿನಲ್ಲಿ ಉಣುಗು ಹೆಕ್ಕಿ ಕೆಲಸ ಮಾಡಿದ್ರು. ಅವರ ಶ್ರಮವನ್ನ ನಾನು ಕೀಳು ಮಾಡ್ತಿಲ್ಲ.

ಆದ್ರೆ ಆ ದುಡ್ಡು ಅಷ್ಟು ಬೇಗ ಯಾಕೆ ಬಂತು? ಈ ವೈರಸ್ಸು ರಷ್ಯಾ ಕಡೆಯ ಒಂದು ಮೆದುಳು ಜ್ವರದ ವೈರಸ್ಸಿನ ಬಳಗದ್ದು ಅಂತ ಗೊತ್ತಾಯ್ತು. ಸೈಬೀರಿಯಾದಿಂದ ಬರೋ ವಲಸೆ ಹಕ್ಕಿಗಳು ಇದನ್ನ ತಂದವಾ ಅನ್ನೋ ಅನುಮಾನ ಹುಟ್ಟಿತು. ಅದು ಶೀತಲ ಸಮರದ ಕಾಲ. ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆ, ಆಮೇಲೆ ಅಮೆರಿಕದ ಸೇನೆಯ ದುಡ್ಡೂ ಹರಿದು ಬಂತು. 1975ರಲ್ಲಿ ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನ್ನ 167ನೇ ವರದಿಯಲ್ಲಿ ಇಂಥ ವಿದೇಶಿ ಸಹಭಾಗಿತ್ವದ ಸಂಶೋಧನೆಗಳನ್ನ ಹಿಡಿದು ಗಟ್ಟಿ ಪ್ರಶ್ನೆಗಳನ್ನ ಕೇಳಿತು.

ಅಂದ್ರೆ ಪ್ರಪಂಚಕ್ಕೆ ಹೆದರಿಕೆ ಆದಾಗ ಮಲೆನಾಡಿಗೆ ದುಡ್ಡು ಬಂತು. ದರಗು ಗುಡಿಸೋಕೆ, ಸೊಪ್ಪು ತರೋಕೆ, ಸೌದೆಗೆ ಅಂತ ಕಾಡಿಗೆ ಹೋಗಲೇಬೇಕಾದ ಹೆಂಗಸು ಕಾಡಿಗೆ ಹೋಗದೆ ಬದುಕೋದು ಹೇಗೆ ಅನ್ನೋದು ಆ ದುಡ್ಡಿನ ಪ್ರಶ್ನೆ ಆಗಿರಲಿಲ್ಲ. ಲಸಿಕೆ ಬಂತು, ದಶಕಗಳ ಕಾಲ ಚುಚ್ಚಿದ್ರು, ಅದರ ಬಲ ಸಾಲದು ಅಂತ ಕೊನೆಗೆ ನಿಲ್ಲಿಸಿದ್ರು. 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗ, ಅರವತ್ತು ವರ್ಷದ ಹಿಂದಿನ ಅದೇ ಮಾತು: ಕಾಡಿಗೆ ಹೋಗಬೇಡಿ, ಎಣ್ಣೆ ಹಚ್ಚಿಕೊಳ್ಳಿ.

ಇನ್ನೊಂದು ಕಾಯಿಲೆ ಇದೆ. ಅದು ಯಾವ ದೇಶಕ್ಕೂ ಹಾರಿಹೋಗಲ್ಲ. ನಮ್ಮ ಮೈಯಲ್ಲೇ ಇರುತ್ತೆ.

1974-75ರ ಹೊತ್ತಿಗೆ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಅದನ್ನ ಗುರುತಿಸಿದ್ರು. ಸೊಂಟ, ಮೊಣಕಾಲು ನೋವು. ನಡಿಗೆ ಓಲಾಡುತ್ತೆ, ಬೆನ್ನು ಬಾಗುತ್ತೆ, ಕೆಲವರು ಗಿಡ್ಡವಾಗೇ ಉಳೀತಾರೆ. ಕಾಯಿಲೆ ಬಂದವರೆಲ್ಲ ಹೆಚ್ಚು ಕಡಿಮೆ ಚನ್ನಂಗಿ, ಚಲವಾದಿ ಕೇರಿಯ ಕೃಷಿ ಕೂಲಿಗಳು. ಆಮೇಲೆ ಹೊಸನಗರ, ತೀರ್ಥಹಳ್ಳಿ, ಆಚೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಸಿಕ್ಕಿತು. ಪೇಪರಿನವರು ನಿಗೂಢ ಕಾಯಿಲೆ ಅಂದ್ರು, ಹಂದಿಗೋಡು ಕಾಯಿಲೆ ಅಂತ ಹೆಸರು ನಿಂತಿತು. ಒಂದು ಊರಿನ ಹೆಸರನ್ನ ರೋಗಕ್ಕೆ ಇಟ್ಟರೆ ಆ ಊರಿನ ಹೆಣ್ಣು ಮಕ್ಕಳಿಗೆ ಗಂಡು ಸಿಗೋದು ಎಷ್ಟು ಕಷ್ಟ ಅಂತ ಹೆಸರಿಡೋರಿಗೆ ಹೊಳೆಯಲ್ಲ.

ನಮ್ಮ ದೊಡ್ಡಮ್ಮನಿಗೆ ಈ ಕಾಯಿಲೆ ಇತ್ತು. ನಾನು ಚಿಕ್ಕವನಿದ್ದಾಗ ಅವಳು ಗದ್ದೆ ಅಂಚಿನಲ್ಲಿ ಕೈಯೂರಿ ಏಳ್ತಿದ್ದದ್ದು ನೆನಪಿದೆ. ನೆಟ್ಟಿ ಕೆಲಸಕ್ಕೆ ಬಾ ಅಂತ ಕರೀತಿದ್ದವರು ಒಂದು ವರ್ಷ ಕರೆಯೋದು ನಿಲ್ಲಿಸಿದ್ರು. ಕೂಲಿ ಮಾಡೋ ಮೈಗೆ ಕೂಲಿ ಇಲ್ಲ ಅಂದ್ರೆ ಮನೇಲಿ ಏನಾಗುತ್ತೆ ಅಂತ ಈ ಪೋಸ್ಟ್ ಓದೋ ನಿಮಗೆ ವಿವರಿಸಬೇಕಿಲ್ಲ.

ವಿಜ್ಞಾನಿಗಳು ಬಂದ್ರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನ ಮಲೆನಾಡಿನ ಕೌಟುಂಬಿಕ ಸಂಧಿವಾತ ಅಂತ ಬರೆದು ಪ್ರಕಟಿಸಿದ್ರು. ಗದ್ದೆಗೆ ಹೊಡೆಯೋ ಕೀಟನಾಶಕ, ಆ ಗದ್ದೆಯ ಏಡಿ ತಿನ್ನೋದು ಕಾರಣವಾ ಅನ್ನೋ ಅನುಮಾನವೂ ಇತ್ತು. ಆಮೇಲೆ ಐಸಿಎಂಆರ್ ಕಡೆಯಿಂದ ದೊಡ್ಡ ಅಧ್ಯಯನ ನಡೀತು. 1994ರಲ್ಲಿ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನ ಮುಂದಿಟ್ಟು, ಇದು ಮೂಳೆಯ ಬೆಳವಣಿಗೆಯ ದೋಷ, ವಂಶವಾಹಿಯಿಂದ ಬರೋದು ಅಂತ ತೋರಿಸಿದ್ರು. ದಕ್ಷಿಣ ಆಫ್ರಿಕಾದ ಜುಲು ಜನರ ನಡುವೆ ಕಂಡ ಮ್ಸೆಲೆನಿ ಕಾಯಿಲೆ ಜೊತೆ ಇದನ್ನ ಹೋಲಿಸಿದ ಲೇಖನಗಳೂ ಬಂದ್ವು. ಅಲ್ಲೂ ಬಡವರು, ಅಲ್ಲೂ ಕರಿಯರು, ಅಲ್ಲೂ ಊರಿನ ಹೆಸರೇ ಕಾಯಿಲೆಗೆ.

ಈ ವಿಜ್ಞಾನ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಅದು ನಮ್ಮ ಕೇರಿಗೆ ಯಾವ ರೂಪದಲ್ಲಿ ಬಂತು ನೋಡಿ. "ಏಡಿ ತಿಂದ್ರಿ, ಅದಕ್ಕೆ ಬಂತು" ಅಂತ ಮೊದಲು. "ನಿಮ್ಮ ನಿಮ್ಮಲ್ಲೇ ಮದುವೆ ಆಗ್ತೀರಿ, ಅದಕ್ಕೆ ಬಂತು" ಅಂತ ಆಮೇಲೆ. ಎರಡರಲ್ಲೂ ತಪ್ಪು ನಮ್ಮದೇ. ಏಡಿ ಯಾಕೆ ತಿಂದ್ವಿ? ಗದ್ದೇಲಿ ದುಡ್ಡಿಲ್ಲದೆ ಸಿಗೋ ಮಾಂಸ ಅದೊಂದೇ. ಆ ಗದ್ದೆಗೆ ಔಷಧಿ ಹೊಡೆಸಿದ್ದು ನಾವಲ್ಲ.

ಮದುವೆ ವಿಷಯವನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಹುಡುಗರೇ ಇದನ್ನ ತಪ್ಪಾಗಿ ಹೇಳ್ತಾರೆ. 1994ರ ಆ ಸಂಶೋಧನೆ ಪ್ರಕಾರ ಇದು ಪ್ರಬಲ ವಂಶವಾಹಿಯ ಕಾಯಿಲೆ. ಅಂದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಇನ್ನೊಬ್ಬರು ಸಂಬಂಧಿಕರೇ ಆಗಿರಬೇಕು ಅಂತಿಲ್ಲ. ಹಾಗಾಗಿ ಸೋದರಮಾವನನ್ನ ಮದುವೆ ಆಗಿದ್ದಕ್ಕೇ ಬಂತು ಅನ್ನೋ ಮಾತು ನಿಲ್ಲಲ್ಲ. ಕಾಯಿಲೆ ಒಂದೆರಡು ಜಾತಿಯೊಳಗೇ ಉಳಿದದ್ದು ಯಾಕೆ ಅಂದ್ರೆ ಜಾತಿಯ ಬೇಲಿ. ಒಳಮದುವೆಯೇ ಜಾತಿಯ ಜೀವಾಳ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಬೇಲಿ ಹಾಕಿದವರು ಯಾರು, ಒಳಗೆ ಸಿಕ್ಕಿಕೊಂಡಿದ್ದಕ್ಕೆ ಬೈಸಿಕೊಂಡವರು ಯಾರು?

ಈ ಅರ್ಧಕ್ಕರ್ಧದ ಲೆಕ್ಕವನ್ನ ಕೇರಿಯಲ್ಲಿ ಕೂತು, ಕನ್ನಡದಲ್ಲಿ, ನಾಲ್ಕು ಕಡ್ಡಿ ಇಟ್ಟು ಯಾರಾದ್ರೂ ಹೇಳಿದ್ದನ್ನ ನಾನಂತೂ ಕಂಡಿಲ್ಲ. ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಪರಿಚಯದ ಡಾಕ್ಟರೊಬ್ಬರು ಲೇಖನ ಓದಿ ಹೇಳಿದಾಗ. ದೊಡ್ಡಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ಲು.

ಇಲ್ಲಿಗೆ ವಯಸ್ಕರ ಕಲಿಕೆಯ ವಿಷಯ ಬರುತ್ತೆ.

1978ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರು ಮಾಡಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಎರಡರ ಗುರಿಯೂ 15ರಿಂದ 35 ವಯಸ್ಸಿನವರು. ದೊಡ್ಡಮ್ಮನಿಗೆ ಆಗಲೇ 35 ದಾಟಿತ್ತು. ಸರ್ಕಾರದ ಲೆಕ್ಕದಲ್ಲಿ ಅವಳು ಕಲಿಯೋ ವಯಸ್ಸಿನವಳೇ ಅಲ್ಲ.

ಅವಳಿಗೆ ಅಕ್ಷರ ಕಲಿಸಿದ್ದು ದಲಿತ ಸಂಘರ್ಷ ಸಮಿತಿಯ ಹುಡುಗರು. ಡಿಎಸ್‌ಎಸ್ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ, 70ರ ದಶಕದಲ್ಲಿ, ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ. 80ರ ದಶಕದಲ್ಲಿ ನಮ್ಮ ಕೇರಿಯಲ್ಲಿ ರಾತ್ರಿ ಶಾಲೆ ನಡೀತಿತ್ತು. ಒಂದು ಲಾಟೀನು, ಒಂದು ಬೋರ್ಡು, ಕೂರೋಕೆ ಗೋಣಿಚೀಲ. ಜ್ಯೋತಿಬಾ, ಸಾವಿತ್ರಿಬಾಯಿ 1855ರಲ್ಲಿ ಪುಣೆಯಲ್ಲಿ ಕೂಲಿಕಾರರಿಗೆ ರಾತ್ರಿ ಶಾಲೆ ತೆರೆದಿದ್ದರು ಅಂತ ಆ ಹುಡುಗರು ಹೇಳಿದ್ದು ಈಗಲೂ ಕಿವೀಲಿದೆ. ಕೆಳಗೆ ಕೂತರೆ ಏಳೋಕೆ ಆಗಲ್ಲ ಅಂತ ದೊಡ್ಡಮ್ಮನಿಗೆ ಒಂದು ಮರದ ದಿಮ್ಮಿ ತಂದು ಇಟ್ಟಿದ್ರು. ಒಂದು ಮಳೆಗಾಲ, ಒಂದು ಚಳಿಗಾಲದಲ್ಲಿ ಅವಳು ತನ್ನ ಹೆಸರು ಬರೆಯೋದು, ಬಸ್ಸಿನ ಬೋರ್ಡ್ ಓದೋದು ಕಲಿತಳು.

ಅದರ ಬೆಲೆ ಗೊತ್ತಾದದ್ದು ಕೆಲವು ವರ್ಷ ಬಿಟ್ಟು. ರಕ್ತ ತಗೊಳ್ಳೋಕೆ ಒಂದು ತಂಡ ಬಂದಿತ್ತು. ಯಾವ ಸಂಸ್ಥೆ ಅಂತ ಬರೆಯಲ್ಲ, ಅವರಲ್ಲಿ ಒಳ್ಳೆಯವರೂ ಇದ್ರು. ಸಾಲಲ್ಲಿ ನಿಲ್ಲಿಸಿ, ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿಸ್ಕೊಂಡು, ಸೂಜಿ ಚುಚ್ತಿದ್ರು. ಇವಳ ಸರದಿ ಬಂತು. ಇಂಕ್ ಪ್ಯಾಡ್ ಮುಂದಿಟ್ರು.

"ನಂಗೆ ರುಜು ಬರುತ್ತೆ. ಮೊದಲು ಇದರಲ್ಲಿ ಏನು ಬರ್ದೀರಿ ಓದಿ ಹೇಳಿ" ಅಂದ್ಲು.

ಹಾಳೆ ಇಂಗ್ಲಿಷಿನಲ್ಲಿತ್ತು. ತಂಡದವರೊಬ್ಬರು "ನಿಮ್ಮ ಒಳ್ಳೇದಕ್ಕೇ ಅಮ್ಮಾ, ಬೇಗ ಹಾಕಿ, ಇನ್ನೂ ಜನ ಇದಾರೆ" ಅಂದ್ರು. ಅವಳು ಕೈ ಹಿಂದಕ್ಕೆ ತಗೊಂಡ್ಲು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎದ್ದು ಬಂದು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದ್ರು. ಕೇಳಿದ ಮೇಲೆ ಅವಳು ಒಂದೇ ಮಾತು ಕೇಳಿದ್ಲು: "ಇದ್ರಿಂದ ಏನು ಗೊತ್ತಾಯ್ತು ಅಂತ ನಮಗೆ ಯಾವಾಗ ಬಂದು ಹೇಳ್ತೀರಿ?"

ಹೇಳ್ತೀವಿ ಅಂದ್ರು. ರುಜು ಹಾಕಿದ್ಲು, ರಕ್ತ ಕೊಟ್ಲು. ನಮ್ಮ ಕೇರಿಗೆ ಯಾರೂ ಬಂದು ಹೇಳಲಿಲ್ಲ. ಅವಳು ಇರೋವರೆಗೂ ಜೀಪಿನ ಸದ್ದು ಕೇಳಿದ್ರೆ "ಅವ್ರೇನೋ ನೋಡು" ಅಂತಿದ್ಲು.

ಬಂಧುಗಳೇ, ಆರೋಗ್ಯ ಸಂಶೋಧನೆಯನ್ನೂ ವಯಸ್ಕರ ಕಲಿಕೆಯನ್ನೂ ಒಂದೇ ಅರ್ಜಿಯಲ್ಲಿ ಯಾಕೆ ಕೇಳ್ತಾರೆ ಅಂತ ಆ ಹುಡುಗಿ ನನ್ನ ಕೇಳಿದ್ಲು. ಉತ್ತರ ದೊಡ್ಡಮ್ಮ ಕೊಟ್ಟಿದಾಳೆ. ಓದೋಕೆ ಕಲಿತ ಮೈ ಮಾತ್ರ ತನ್ನ ರಕ್ತದ ಲೆಕ್ಕ ಕೇಳುತ್ತೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಅನ್ನೋ ಚಿಕ್ಕ ಬುಡಕಟ್ಟು ಇದೆ. ಸಕ್ಕರೆ ಕಾಯಿಲೆ ಬಗ್ಗೆ ನೋಡ್ತೀವಿ ಅಂತ 1990ರ ಹೊತ್ತಿಗೆ ಅಲ್ಲಿನ ವಿಶ್ವವಿದ್ಯಾಲಯದವರು ರಕ್ತ ತಗೊಂಡ್ರು. ಅದೇ ರಕ್ತವನ್ನ ಮಾನಸಿಕ ಕಾಯಿಲೆ, ಒಳಮದುವೆ, ಅವರ ಪೂರ್ವಜರು ಎಲ್ಲಿಂದ ಬಂದ್ರು ಅನ್ನೋ ಅಧ್ಯಯನಗಳಿಗೂ ಬಳಸಿದ್ರು. ಗೊತ್ತಾಗಿದ್ದು ಹೇಗೆ? ಆ ಬುಡಕಟ್ಟಿನ ಒಬ್ಬ ಹೆಣ್ಣು ಮಗಳು 2003ರಲ್ಲಿ ಅದೇ ವಿಶ್ವವಿದ್ಯಾಲಯದ ಉಪನ್ಯಾಸವೊಂದರಲ್ಲಿ ಕೂತಿದ್ದಳು. ಅಲ್ಲೇ ಎದ್ದು ಪ್ರಶ್ನೆ ಕೇಳಿದಳು. 2010ರಲ್ಲಿ ರಾಜಿ ಆಯ್ತು: 7 ಲಕ್ಷ ಡಾಲರ್ ಪರಿಹಾರ, ಉಳಿದ ರಕ್ತ ವಾಪಸ್. ನಮ್ಮವರೊಬ್ಬರು ಕ್ಲಾಸಲ್ಲಿ ಕೂತಿರೋದು ಯಾಕೆ ಮುಖ್ಯ ಅಂತ ಇನ್ನೂ ಕೇಳ್ತೀರಾ?

ಕೆನಡಾ 2000ದಲ್ಲಿ ಮೂಲನಿವಾಸಿಗಳ ಆರೋಗ್ಯ ಸಂಶೋಧನೆಗೇ ಒಂದು ಸಂಸ್ಥೆ ಕಟ್ಟಿತು. ಮಾಹಿತಿಯ ಒಡೆತನ, ಹಿಡಿತ ಎಲ್ಲ ಸಮುದಾಯದ ಕೈಯಲ್ಲೇ ಇರಬೇಕು ಅಂತ ಅಲ್ಲಿನ ಮೂಲನಿವಾಸಿಗಳೇ ನಿಯಮ ಬರೆದರು. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಅನುದಾನದಲ್ಲಿ ಕನಿಷ್ಠ ಶೇ 5ರಷ್ಟು ಮೂಲನಿವಾಸಿಗಳ ಆರೋಗ್ಯ ಸಂಶೋಧನೆಗೆ ಅಂತ ಗುರಿ ಇಟ್ಟಿದೆ. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ, ನಮ್ಮ ಹತ್ರ ಬರೋ ಸಂಶೋಧಕರು ಹೀಗೆ ನಡ್ಕೋಬೇಕು ಅಂತ ತಮ್ಮದೇ ಸಂಹಿತೆ ಹೊರಡಿಸಿದ್ರು.

ನಮ್ಮಲ್ಲಿ ನಿಯಮ ಇಲ್ವಾ? ಇದೆ. ಓದು ಬರಹ ಬಾರದವರ ಒಪ್ಪಿಗೆ ತಗೊಳ್ಳುವಾಗ ನಿಷ್ಪಕ್ಷಪಾತ ಸಾಕ್ಷಿ ಇರಬೇಕು, ಸಂಶೋಧನೆಯ ಲಾಭ ಸಮುದಾಯಕ್ಕೆ ತಲುಪಬೇಕು ಅಂತ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಹೇಳುತ್ತೆ. ದುಡ್ಡು ಇಲ್ವಾ? ಅದೂ ಇದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಹಣದಲ್ಲಿ ಶೇ 24.1 ನಮ್ಮದು. ಆ ಹಣವನ್ನ ಎಲ್ಲರಿಗೂ ಆಗೋ ಕಾಮಗಾರಿಗೆ ತಿರುಗಿಸೋಕೆ ದಾರಿ ಮಾಡಿದ್ದ 7(ಡಿ) ಕಲಂ ಹೋರಾಟದಿಂದಲೇ 2023ರಲ್ಲಿ ರದ್ದಾಯ್ತು. ಆದ್ರೂ ಹಣ ಎಲ್ಲಿ ಹೋಗುತ್ತೆ ಅಂತ ಪ್ರತಿ ಬಜೆಟ್‌ನಲ್ಲೂ ಜಗಳ ತಪ್ಪಿಲ್ಲ. ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ 2022ರಿಂದ 2027ರವರೆಗೆ 1037.90 ಕೋಟಿ ರೂಪಾಯಿ ಇಟ್ಟಿದಾರೆ. ಈ ಸಲ 15 ದಾಟಿದ ಎಲ್ಲರೂ ಕಲಿಯಬಹುದು, 35ರ ಗೋಡೆ ಇಲ್ಲ. ದೊಡ್ಡಮ್ಮನಿಗೆ ತಡವಾಯ್ತು, ಅವಳ ಸೊಸೆಯಂದಿರಿಗೆ ಆಗಿಲ್ಲ.

ಹಾಗಾಗಿ ಸಂಘಟನೆಯ ಗೆಳೆಯರಲ್ಲಿ ನನ್ನ ನಾಲ್ಕು ಮಾತು:

1. ಹಂದಿಗೋಡು ಕಾಯಿಲೆ ಬಗ್ಗೆ ಇಲ್ಲಿವರೆಗೆ ಬಂದ ಸಂಶೋಧನೆಗಳ ಸಾರವನ್ನ ಸರಳ ಕನ್ನಡದಲ್ಲಿ ಬರೆಸಿ, ಮೂರೂ ತಾಲ್ಲೂಕಿನ ಕೇರಿಗಳಲ್ಲಿ ಓದಿ ಹೇಳಬೇಕು. ಇದಕ್ಕೆ ಕೋಟಿ ಬೇಡ, ಮನಸ್ಸು ಸಾಕು.

2. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ದಲಿತ, ಆದಿವಾಸಿ ಆರೋಗ್ಯ ಸಂಶೋಧನೆಗೆ ಪ್ರತ್ಯೇಕ ಪಾಲು ಕೇಳಬೇಕು. ಚಲವಾದಿಗೆ ಬೇರೆ, ಹಸಲರಿಗೆ ಬೇರೆ ಅಂತ ಒಡೆಯೋದು ಬೇಡ. ಕಾಡು ಒಂದೇ, ತೋಟ ಒಂದೇ, ಉಣುಗು ಕಚ್ಚುವಾಗ ಜಾತಿ ಪತ್ರ ನೋಡಲ್ಲ.

3. ಪ್ರಶ್ನೆ ಬರೆಯೋ ಮೇಜಿನ ಹತ್ರ ನಮಗೆ ಕುರ್ಚಿ ಬೇಕು. ವಂಶವಾಹಿ ಯಾವುದು ಅನ್ನೋದು ವಿಜ್ಞಾನಿಯ ಪ್ರಶ್ನೆ. ಸೊಂಟ ಬಗ್ಗದವಳಿಗೆ ಕೂತು ಮಾಡೋ ಕೆಲಸ ಯಾವುದು, ಸೊಂಟದ ಕೀಲು ಬದಲಿಸೋ ಆಪರೇಷನ್ ಯಾರಿಗೆ ಆಗುತ್ತೆ, ಪಿಂಚಣಿ ಯಾವಾಗ ಬರುತ್ತೆ ಅನ್ನೋದು ನಮ್ಮ ಪ್ರಶ್ನೆ. ಎರಡೂ ಸಂಶೋಧನೆಯೇ.

4. ಪ್ರತಿ ಅಧ್ಯಯನದ ಬಜೆಟ್‌ನಲ್ಲಿ ವಾಪಸ್ ಬಂದು ಹೇಳೋ ಖರ್ಚು ಬರೆದಿರಬೇಕು. ಅದು ಇಲ್ಲದ ಹಾಳೆಗೆ ರುಜು ಹಾಕಬೇಡಿ.

ನಿನ್ನೆ ರಾತ್ರಿ ಆ ಹುಡುಗಿಗೆ ಫೋನ್ ಮಾಡಿದೆ. ಅರ್ಜಿ ಹಾಕು ತಂಗಿ, ಕಾಲಂ ಖಾಲಿ ಬಿಡಬೇಡ ಅಂದೆ. ನಾವು ಮಣ್ಣಾಳುಗಳ ಮಕ್ಕಳು, ಜಮೀನು ಮಾರಿದಾಗ ನಮ್ಮ ಅಜ್ಜಂದಿರೂ ಜೊತೆಗೇ ಹೋಗ್ತಿದ್ರು, ಇದಕ್ಕಿಂತ ಮೂಲನಿವಾಸಿ ಅಂದ್ರೆ ಇನ್ನೇನು ಅಂತ ನಿನ್ನ ಇಂಗ್ಲಿಷಿನಲ್ಲಿ ಬರಿ ಅಂದೆ. ಕೊಟ್ಟರೆ ಕೊಡ್ತಾರೆ. ಕೊಡದಿದ್ರೆ ನಮ್ಮ ಸರ್ಕಾರದ ಬಾಗಿಲು ಬಡಿಯೋಣ, ಅದು ಯಾರ ಭಿಕ್ಷೆಯೂ ಅಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಅಣ್ಣಾ, ನಿಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆಯನ್ನೇ ನನ್ನ ಸಂಶೋಧನೆಯ ಪ್ರಶ್ನೆ ಮಾಡ್ಕೊಳ್ಳಲಾ?" ಅಂದ್ಲು.

ಮಾಡ್ಕೋ ತಾಯಿ ಅಂದೆ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹೀಗೆ ರಕ್ತ ಕೊಟ್ಟು ಉತ್ತರಕ್ಕೆ ಕಾದವರು ಇದ್ರೆ ಕೆಳಗೆ ಬರೀರಿ. ಹೆಸರು ಬೇಡ, ಊರು, ವರ್ಷ ಸಾಕು. ನಾವೇ ಒಂದು ಪಟ್ಟಿ ಮಾಡೋಣ.

ಜೈ ಭೀಮ್.